ಚಾರ್ಲ್ಸ್‌ಟನ್‌ನ ಕೋರ್ಟು ಮತ್ತು ಚಾರ್ಲ್ಸ್‌ಟನ್‌ನ ವೇದಿಕೆ: ಗುಲಾಮಗಿರಿಯ ಜಗಳದಲ್ಲಿ ಒಂದು ಸಣ್ಣ ಊರು

1858ರ ಸೆಪ್ಟೆಂಬರ್ 18, ಶನಿವಾರ ಮಧ್ಯಾಹ್ನ. ಅಮೆರಿಕದ ಇಲಿನಾಯ್ ರಾಜ್ಯದ ಚಾರ್ಲ್ಸ್‌ಟನ್ ಎಂಬ ಊರಿನ ಕೃಷಿ ಮೇಳದ ಮೈದಾನ. ಹತ್ತು ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಸೆನೆಟ್ ಸ್ಥಾನಕ್ಕಾಗಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ನಡೆಸಿದ ಏಳು ಬಹಿರಂಗ ಚರ್ಚೆಗಳಲ್ಲಿ ಇದು ನಾಲ್ಕನೆಯದು. ಅವತ್ತು ಮೊದಲು ಮಾತಾಡುವ ಸರದಿ ಲಿಂಕನ್ನನದು.

ಅವನು ಶುರು ಮಾಡಿದ ರೀತಿ ಇವತ್ತು ಓದಿದರೂ ಚುಚ್ಚುತ್ತದೆ. ಬಿಳಿಯರು ಮತ್ತು ಕಪ್ಪು ಜನರ ನಡುವೆ ಸಾಮಾಜಿಕವಾಗಲಿ ರಾಜಕೀಯವಾಗಲಿ ಸಮಾನತೆ ತರಬೇಕೆಂದು ನಾನು ಹಿಂದೆಯೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ ಎಂದ. ಅವರಿಗೆ ಓಟು ಕೊಡಬೇಕು, ಜ್ಯೂರಿಯಲ್ಲಿ ಕೂರಿಸಬೇಕು, ಅಧಿಕಾರ ಕೊಡಬೇಕು, ಬಿಳಿಯರೊಂದಿಗೆ ಮದುವೆಗೆ ಬಿಡಬೇಕು ಎಂಬ ಯಾವ ಮಾತಿಗೂ ನನ್ನ ಒಪ್ಪಿಗೆ ಇಲ್ಲ ಎಂದ. ಎರಡು ಜನಾಂಗಗಳು ಒಟ್ಟಿಗೆ ಇರುವಷ್ಟು ಕಾಲ ಒಬ್ಬರು ಮೇಲೆ, ಒಬ್ಬರು ಕೆಳಗೆ ಇರಲೇಬೇಕು, ಆ ಮೇಲಿನ ಜಾಗ ಬಿಳಿಯರಿಗೇ ಸಿಗಲಿ ಎಂದೂ ಸೇರಿಸಿದ. ಜನ ಚಪ್ಪಾಳೆ ಹೊಡೆದರು.

ಗುಲಾಮಗಿರಿಯನ್ನು ಕೊನೆಗಾಣಿಸಿದ ಅಧ್ಯಕ್ಷ ಎಂದು ನಾವು ಶಾಲೆಯಲ್ಲಿ ಓದಿದ್ದು ಇವನನ್ನೇ ಅಲ್ವಾ? ಈ ಭಾಷಣದ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಅದು ಓಟಿಗಾಗಿ ಆಡಿದ ಮಾತು, ತಲೆ ಕೆಡಿಸಿಕೊಳ್ಳಬೇಡಿ ಎನ್ನುವವರು ಒಂದು ಕಡೆ. ಅವನ ನಿಜವಾದ ಬಣ್ಣ ಅದೇ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅವನ ಮನಸ್ಸಿನೊಳಗೆ ಏನಿತ್ತು ಎಂದು ಊಹಿಸಲು ಹೊರಟವರು. ನನ್ನ ಪ್ರಕಾರ ಮೊದಲು ಆ ಊರನ್ನು ನೋಡಬೇಕು. ಅದೇ ಚಾರ್ಲ್ಸ್‌ಟನ್‌ನಲ್ಲಿ, 1847ರಲ್ಲಿ, ಜೇನ್ ಬ್ರಯಂಟ್ ಎಂಬ ಹೆಂಗಸು ಮತ್ತು ಅವಳ ನಾಲ್ಕು ಮಕ್ಕಳು ಗುಲಾಮರೋ ಅಲ್ಲವೋ ಎಂಬ ಕೇಸು ನಡೆದಿತ್ತು. ಅದರಲ್ಲಿ ಲಿಂಕನ್ ಗುಲಾಮರ ಒಡೆಯನ ಪರವಾಗಿ ವಾದ ಮಾಡಿದ್ದ. ಈ ಕೇಸನ್ನು ಬದಿಗಿಟ್ಟು ಆ ಭಾಷಣದ ಬಗ್ಗೆ ಮಾತಾಡಿದರೆ ಅರ್ಧ ಕತೆ ಮಾತ್ರ ಹೇಳಿದ ಹಾಗಾಗುತ್ತದೆ.

ಕೌಂಟಿಗೆ ಹೆಸರು ಕೊಟ್ಟವನು

ಚಾರ್ಲ್ಸ್‌ಟನ್ ಇರುವುದು ಕೋಲ್ಸ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. 1830ರಲ್ಲಿ ಇದನ್ನು ರಚಿಸಿದಾಗ ರಾಜ್ಯದ ಎರಡನೇ ಗವರ್ನರ್ ಎಡ್ವರ್ಡ್ ಕೋಲ್ಸ್‌ನ ಹೆಸರಿಟ್ಟರು. ಯಾರು ಈ ಕೋಲ್ಸ್?

ವರ್ಜೀನಿಯಾದ ದೊಡ್ಡ ಜಮೀನ್ದಾರಿ ಮನೆತನದ ಹುಡುಗ. ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ಗೆ ಆಪ್ತ ಕಾರ್ಯದರ್ಶಿಯಾಗಿದ್ದ. ಕಾಲೇಜಿನಲ್ಲಿದ್ದಾಗಲೇ ಗುಲಾಮಗಿರಿ ತಪ್ಪು ಎಂದು ಅವನಿಗೆ ಮನದಟ್ಟಾಗಿತ್ತು. 1814ರಲ್ಲಿ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದು, ಗುಲಾಮರ ಬಿಡುಗಡೆಗೆ ನೀವೇ ಮುಂದಾಳಾಗಿ ಎಂದು ಕೇಳಿಕೊಂಡ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಜೆಫರ್ಸನ್, ನನಗೆ ವಯಸ್ಸಾಯಿತು, ಇದು ಯುವಕರ ಕೆಲಸ ಎಂದು ಜಾರಿಕೊಂಡ. ನೀನು ವರ್ಜೀನಿಯಾ ಬಿಟ್ಟು ಹೋಗಬೇಡ ಎಂಬ ಸಲಹೆಯನ್ನೂ ಕೊಟ್ಟ. ಕೋಲ್ಸ್ ಕೇಳಲಿಲ್ಲ. 1819ರ ವಸಂತದಲ್ಲಿ ತನ್ನ ಗುಲಾಮರನ್ನು ಕರೆದುಕೊಂಡು ಇಲಿನಾಯ್ ಕಡೆಗೆ ಹೊರಟ. ಪಿಟ್ಸ್‌ಬರ್ಗ್ ದಾಟಿ ಒಹಾಯೊ ನದಿಯಲ್ಲಿ ಚಪ್ಪಟೆ ದೋಣಿಗಳು ತೇಲುತ್ತಿದ್ದಾಗ ಎಲ್ಲರನ್ನೂ ಸೇರಿಸಿ, ಇವತ್ತಿನಿಂದ ನೀವು ಸ್ವತಂತ್ರರು, ನನ್ನ ಜೊತೆ ಬರಬಹುದು, ಇಲ್ಲವೇ ನಿಮ್ಮ ದಾರಿ ಹಿಡಿಯಬಹುದು ಎಂದ. ಇಲಿನಾಯ್‌ನಲ್ಲಿ ಕುಟುಂಬದ ಯಜಮಾನರಿಗೆ ತಲಾ 160 ಎಕರೆ ಭೂಮಿ ಕೊಟ್ಟ.

ಇಲಿನಾಯ್ ಆಗ ಹೆಸರಿಗಷ್ಟೇ ಗುಲಾಮಗಿರಿ ಇಲ್ಲದ ರಾಜ್ಯ. ಒಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿ ಇರಕೂಡದು ಎಂದು 1787ರಲ್ಲೇ ಕಾನೂನು ಆಗಿತ್ತು. ಆದರೂ 1820ರ ಜನಗಣತಿಯಲ್ಲಿ ಇಲಿನಾಯ್‌ನಲ್ಲಿ 917 ಗುಲಾಮರ ಲೆಕ್ಕ ಸಿಕ್ಕಿತು. ಹಳೇ ಫ್ರೆಂಚ್ ನೆಲಸಿಗರ ಗುಲಾಮರಿಗೆ ಕಾನೂನು ತಟ್ಟಲಿಲ್ಲ. ಉಳಿದವರನ್ನು ದಶಕಗಟ್ಟಲೆ ದುಡಿಮೆಯ ಕರಾರಿಗೆ ಹೆಬ್ಬೆಟ್ಟು ಒತ್ತಿಸಿ ಕಟ್ಟಿಹಾಕುತ್ತಿದ್ದರು. 1822ರಲ್ಲಿ ಕೋಲ್ಸ್ ಗವರ್ನರ್ ಆದ. ಎದುರಾಳಿಗಳು ಸಂವಿಧಾನವನ್ನೇ ತಿದ್ದಿ ಗುಲಾಮಗಿರಿಯನ್ನು ರಾಜಾರೋಷವಾಗಿ ತರಲು ಹೊರಟರು. ಅದಕ್ಕಾಗಿ ಶಾಸನಸಭೆಯಲ್ಲಿ ಒಬ್ಬ ಸದಸ್ಯನನ್ನು ಕಿತ್ತುಹಾಕಿ, ತಮಗೆ ಬೇಕಾದವನನ್ನು ಕೂರಿಸಿ ಮೂರನೇ ಎರಡರ ಬಹುಮತ ಮಾಡಿಕೊಂಡರು. ಆದರೆ ಕೊನೆಯ ತೀರ್ಮಾನ ಜನರದ್ದಾಗಿತ್ತು. ಕೋಲ್ಸ್ ತನ್ನ ನಾಲ್ಕು ವರ್ಷದ ಸಂಬಳವನ್ನೆಲ್ಲ ಈ ಹೋರಾಟಕ್ಕೆ ಸುರಿದ. ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ, ಚರ್ಚಿನ ವೇದಿಕೆಗಳಲ್ಲಿ ಹದಿನೆಂಟು ತಿಂಗಳು ವಾದ ನಡೆಯಿತು. 1824ರ ಆಗಸ್ಟ್‌ನಲ್ಲಿ ಜನ 6,640 ಓಟಿಗೆ 4,972ರಂತೆ ಆ ಪ್ರಯತ್ನವನ್ನು ಸೋಲಿಸಿದರು. ಅದೇ ಹೊತ್ತಿಗೆ, ಗುಲಾಮರನ್ನು ಬಿಡುಗಡೆ ಮಾಡುವಾಗ ಭದ್ರತಾ ಪತ್ರ ಕೊಟ್ಟಿಲ್ಲ ಎಂದು ಕೋಲ್ಸ್ ಮೇಲೆ ಕೇಸು ಹಾಕಿ 2,000 ಡಾಲರ್ ದಂಡ ವಿಧಿಸಿದರು. ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಆಮೇಲೆ ತಳ್ಳಿಹಾಕಿತು.

ಅಂಥವನ ಹೆಸರು ಹೊತ್ತ ನೆಲ ಇದು. ಆದರೆ ಆ ನೆಲಕ್ಕೆ ಬಂದು ನೆಲೆಸಿದವರಲ್ಲಿ ಬಹಳಷ್ಟು ಜನ ಕೆಂಟಕಿ, ಟೆನೆಸ್ಸೀ, ವರ್ಜೀನಿಯಾ ಕಡೆಯವರು. ಗುಲಾಮಗಿರಿ ಬೇಡ ಎನ್ನುತ್ತಿದ್ದವರಲ್ಲೂ ಬಹುಪಾಲು ಮಂದಿಗೆ ಕಪ್ಪು ಜನ ಪಕ್ಕದಲ್ಲಿ ವಾಸ ಮಾಡುವುದು ಬೇಕಿರಲಿಲ್ಲ. ಈ ಎರಡು ಮನಸ್ಸು ಒಂದೇ ಮನೆಯಲ್ಲಿ, ಒಂದೇ ಮನುಷ್ಯನಲ್ಲಿ ಇರುತ್ತಿದ್ದವು. ಮುಂದೆ ನಡೆದದ್ದೆಲ್ಲ ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು.

ಜೇನ್ ಬ್ರಯಂಟ್ ಕೇಸು

ಕೆಂಟಕಿಯ ರಾಬರ್ಟ್ ಮ್ಯಾಟ್ಸನ್‌ಗೆ ಕೋಲ್ಸ್ ಕೌಂಟಿಯಲ್ಲಿ ಒಂದು ಜಮೀನಿತ್ತು. ಪ್ರತಿ ವರ್ಷ ಕೆಂಟಕಿಯಿಂದ ಗುಲಾಮರನ್ನು ಕರೆತಂದು ಅಲ್ಲಿ ದುಡಿಸುತ್ತಿದ್ದ. ಸುಗ್ಗಿ ಮುಗಿದ ಮೇಲೆ ವಾಪಸ್ ಕಳಿಸಿ, ಮುಂದಿನ ವರ್ಷ ಬೇರೆಯವರನ್ನು ತರುತ್ತಿದ್ದ. ಇದರ ಹಿಂದೆ ಲೆಕ್ಕಾಚಾರ ಇತ್ತು. ಒಡೆಯನೇ ಕರೆತಂದು ನೆಲೆಯೂರಿಸಿದರೆ ಗುಲಾಮ ಇಲಿನಾಯ್‌ನಲ್ಲಿ ಸ್ವತಂತ್ರನಾಗುತ್ತಾನೆ. ಬರೀ ಹಾದುಹೋಗುವವನಾದರೆ ಗುಲಾಮನಾಗಿಯೇ ಉಳಿಯುತ್ತಾನೆ. ಹಾಗಾಗಿ, ಇವರು ಇಲ್ಲಿ ಖಾಯಂ ಇರುವವರಲ್ಲ ಎಂದು ಪ್ರತಿ ಸಲ ಸಾಕ್ಷಿಯ ಮುಂದೆ ಹೇಳಿಟ್ಟುಕೊಳ್ಳುತ್ತಿದ್ದ.

ಆ ಜಮೀನಿನಲ್ಲಿ ಖಾಯಂ ಆಗಿದ್ದ ಕಪ್ಪು ಮನುಷ್ಯ ಒಬ್ಬನೇ, ಆಂಥನಿ ಬ್ರಯಂಟ್. ಅವನು ಸ್ವತಂತ್ರ. ಮೇಸ್ತ್ರಿ ಕೆಲಸ ಮಾಡುತ್ತಿದ್ದ. ಹೆಂಡತಿ ಜೇನ್ ಮಾತ್ರ ಮ್ಯಾಟ್ಸನ್‌ನ ಗುಲಾಮಳು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ. ಮೇರಿ ಕ್ಯಾಥರಿನ್, ಸ್ಯಾಲಿ ಆನ್, ಮೇರಿ ಜೇನ್, ರಾಬರ್ಟ್ ನೋವಾ: ನಾಲ್ಕು ಮಕ್ಕಳು ಅವಳ ಜೊತೆಗಿದ್ದರು. 1847ರಲ್ಲಿ ಒಡೆಯನ ಮನೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೂ ಜೇನ್‌ಗೂ ಜಗಳ ಹತ್ತಿತು. ನಿನ್ನನ್ನೂ ಮಕ್ಕಳನ್ನೂ ದಕ್ಷಿಣಕ್ಕೆ ಮಾರಿಸುತ್ತೇನೆ ಎಂದು ಆಕೆ ಬೆದರಿಸಿದಳು. ದಕ್ಷಿಣದ ಹತ್ತಿ ತೋಟಕ್ಕೆ ಹೋದವರು ತಿರುಗಿ ಬಂದ ಉದಾಹರಣೆ ಇರಲಿಲ್ಲ. ಗಂಡ ಹೆಂಡತಿ ರಾತ್ರೋರಾತ್ರಿ ಮಕ್ಕಳನ್ನು ಕರೆದುಕೊಂಡು ಹೊರಟು, ಓಕ್‌ಲ್ಯಾಂಡ್ ಎಂಬ ಹಳ್ಳಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಗಿಡಿಯನ್ ಆಶ್ಮೋರ್ ಮತ್ತು ಡಾಕ್ಟರ್ ಹೈರಮ್ ರದರ್‌ಫರ್ಡ್ ಹತ್ತಿರ ಆಸರೆ ಪಡೆದರು.

ಮ್ಯಾಟ್ಸನ್ ಮೊದಲು ನಯವಾಗಿ ಕೇಳಿದ. ಆಮೇಲೆ ಕಾನೂನು ಹಿಡಿದ. ಬಿಡುಗಡೆಯ ಕಾಗದ ಇಲ್ಲದ ಕಪ್ಪು ಜನರನ್ನು ಓಡಿಬಂದವರೆಂದು ಹಿಡಿದು ಜೈಲಿಗೆ ಹಾಕಲು ಇಲಿನಾಯ್ ಕಾನೂನಿನಲ್ಲಿ ಅವಕಾಶವಿತ್ತು. ಜೇನ್ ಮತ್ತು ಮಕ್ಕಳು ವಾರಗಟ್ಟಲೆ ಚಾರ್ಲ್ಸ್‌ಟನ್ ಜೈಲಿನಲ್ಲಿ ಕಳೆದರು. ಯಾವ ಅಪರಾಧವೂ ಮಾಡದ ಸಣ್ಣ ಮಕ್ಕಳು! ಮ್ಯಾಟ್ಸನ್ ಅಷ್ಟಕ್ಕೇ ಬಿಡಲಿಲ್ಲ. ನನ್ನ ಆಸ್ತಿಯನ್ನು ಬಚ್ಚಿಟ್ಟರು ಎಂದು ರದರ್‌ಫರ್ಡ್ ಮತ್ತು ಆಶ್ಮೋರ್ ಮೇಲೆ ನಷ್ಟ ಪರಿಹಾರದ ದಾವೆಯನ್ನೂ ಹಾಕಿದ. ತಲೆಗೆ 500 ಡಾಲರ್‌ನಂತೆ ಐದು ಜನಕ್ಕೆ 2,500 ಡಾಲರ್.

ರದರ್‌ಫರ್ಡ್ ತನ್ನ ಪರ ವಾದ ಮಾಡಲು ಲಿಂಕನ್ನನನ್ನು ಕೇಳಿದ. ಅವನೇ ಮುಂದೆ ನೆನಪಿಸಿಕೊಂಡ ಪ್ರಕಾರ, ಲಿಂಕನ್ ಮುಖ ಸಣ್ಣದು ಮಾಡಿಕೊಂಡು, ಮ್ಯಾಟ್ಸನ್ ಕಡೆಯವರಿಗೆ ಆಗಲೇ ಮಾತು ಕೊಟ್ಟಿದ್ದೇನೆ ಎಂದನಂತೆ. ಮ್ಯಾಟ್ಸನ್ ಪರ ಲಿಂಕನ್ ಮತ್ತು ಅಷರ್ ಲಿಂಡರ್ ನಿಂತರು. ಜೇನ್ ಪರ ಆರ್ಲ್ಯಾಂಡೊ ಫಿಕ್ಲಿನ್ ಮತ್ತು ಚಾರ್ಲ್ಸ್ ಕಾನ್‌ಸ್ಟೆಬಲ್. ಈ ನಾಲ್ಕು ಹೆಸರು ನೆನಪಿರಲಿ, ಎಲ್ಲವೂ ಮುಂದೆ ಮತ್ತೆ ಬರುತ್ತವೆ.

1847ರ ಅಕ್ಟೋಬರ್‌ನಲ್ಲಿ ವಿಚಾರಣೆ ನಡೆಯಿತು. ಇವರು ಖಾಯಂ ನೆಲೆಸಲು ಬಂದವರಲ್ಲ, ಸುಗ್ಗಿ ಕೆಲಸಕ್ಕೆ ಬಂದು ಹೋಗುವವರು ಎಂಬುದೇ ಲಿಂಕನ್ ವಾದದ ತಿರುಳು. ಫಿಕ್ಲಿನ್ ನೆನಪಿಸಿಕೊಂಡಂತೆ, ಖಾಯಂ ಇದ್ದರೆ ಇವರು ಸ್ವತಂತ್ರರೇ ಎಂದು ಲಿಂಕನ್ ತಾನಾಗಿಯೇ ಒಪ್ಪಿಕೊಂಡುಬಿಟ್ಟ. ಹಾಗೆ ಒಪ್ಪಿದ್ದು ಎದುರಾಳಿಗೆ ಅನುಕೂಲವಾಯಿತು. ಲಿಂಕನ್ ಬೇಕಂತಲೇ ಮೆತ್ತಗೆ ವಾದ ಮಾಡಿದ ಎಂದು ಅವನ ಅಭಿಮಾನಿಗಳು ಹೇಳುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಫೀಸು ಕೊಟ್ಟ ಕಕ್ಷಿದಾರನ ಪರ, ಇದ್ದ ಒಂದೇ ಒಂದು ಕಾನೂನಿನ ದಾರಿಯಲ್ಲಿ, ಅವನು ನಿಜವಾಗಿಯೇ ವಾದ ಮಾಡಿದ. ಅವನು ಗೆದ್ದಿದ್ದರೆ ಜೇನ್ ಮತ್ತು ನಾಲ್ಕು ಮಕ್ಕಳು ಕೆಂಟಕಿಗೆ, ಅಲ್ಲಿಂದ ಪ್ರಾಯಶಃ ಇನ್ನೂ ದಕ್ಷಿಣಕ್ಕೆ ಹೋಗುತ್ತಿದ್ದರು. ಇದನ್ನು ತೇಲಿಸಿ ಹೇಳುವುದು ಸರಿಯಲ್ಲ.

ನ್ಯಾಯಾಧೀಶರಾದ ವಿಲಿಯಂ ವಿಲ್ಸನ್ ಮತ್ತು ಸ್ಯಾಮ್ಯುಯೆಲ್ ಟ್ರೀಟ್ ಐದೂ ಜನ ಸ್ವತಂತ್ರರು ಎಂದು ತೀರ್ಪು ಕೊಟ್ಟರು. ಲಿಂಕನ್ ಸೋತ. ಮ್ಯಾಟ್ಸನ್ ಕೆಂಟಕಿಗೆ ಕಂಬಿ ಕಿತ್ತ. ಬ್ರಯಂಟ್ ಕುಟುಂಬ ಆಮೇಲೆ ಆಫ್ರಿಕಾದ ಲೈಬೀರಿಯಾಕ್ಕೆ ಹೋಯಿತು. ಗೆದ್ದ ಮೇಲೂ ಈ ರಾಜ್ಯ ಅವರಿಗೆ ಬದುಕುವ ಜಾಗವಾಗಲಿಲ್ಲ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು, ಎಂದೂ ನೋಡದ ಖಂಡಕ್ಕೆ ಹಡಗು ಹತ್ತಿದರು.

ಏಳು ಊರು ಯಾಕೆ?

ಈಗ 1858ಕ್ಕೆ ಬರೋಣ. ಲಿಂಕನ್ ಮತ್ತು ಡಗ್ಲಸ್‌ಗೆ ಇಪ್ಪತ್ತು ವರ್ಷಕ್ಕೂ ಹಳೆಯ ಪರಿಚಯ. ಡಗ್ಲಸ್ ದೇಶಕ್ಕೆಲ್ಲ ಗೊತ್ತಿದ್ದ ಸೆನೆಟರ್, ಡೆಮಾಕ್ರಟಿಕ್ ಪಕ್ಷದ ದೊಡ್ಡ ತಲೆ. ಎತ್ತರ 5 ಅಡಿ 4 ಇಂಚು, ಗುಡುಗಿನ ದನಿ. ಲಿಂಕನ್ 6 ಅಡಿ 4 ಇಂಚು, ಹೊಸ ರಿಪಬ್ಲಿಕನ್ ಪಕ್ಷದವನು, ಒಂದೇ ಅವಧಿಗೆ ಕಾಂಗ್ರೆಸ್‌ನಲ್ಲಿದ್ದವನು. ಮಹತ್ವಾಕಾಂಕ್ಷೆಯ ಓಟದಲ್ಲಿ ಅವನು ಗೆದ್ದ, ನಾನು ಪೂರ್ತಿ ಸೋತೆ ಎಂದು ಲಿಂಕನ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ.

ಜಗಳದ ಮೂಲ 1854ರದ್ದು. ಪಶ್ಚಿಮದ ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹೋಗದಂತೆ 1820ರಲ್ಲಿ ಹಾಕಿದ್ದ ಗೆರೆಯನ್ನು ಡಗ್ಲಸ್ ತಂದ ಕ್ಯಾನ್ಸಸ್-ನೆಬ್ರಾಸ್ಕ ಕಾಯ್ದೆ ಅಳಿಸಿತು. ಬೇಕೋ ಬೇಡವೋ ಅಲ್ಲಿನ ಬಿಳಿಯರೇ ತೀರ್ಮಾನಿಸಲಿ ಎಂಬುದು ಡಗ್ಲಸ್ ನಿಲುವು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಕೇಸಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕಪ್ಪು ಜನ ಈ ದೇಶದ ನಾಗರಿಕರೇ ಅಲ್ಲ, ಪ್ರಾಂತ್ಯಗಳಲ್ಲಿ ಗುಲಾಮಗಿರಿ ತಡೆಯಲು ಕಾಂಗ್ರೆಸ್‌ಗೆ ಅಧಿಕಾರವೂ ಇಲ್ಲ ಎಂದುಬಿಟ್ಟಿತು. ಲಿಂಕನ್ನನ ನಿಲುವು ಸರಳ: ಗುಲಾಮಗಿರಿ ತಪ್ಪು, ಅದು ಇರುವ ಕಡೆ ನಾವು ಮುಟ್ಟುವುದಿಲ್ಲ, ಹೊಸ ಜಾಗಕ್ಕೆ ಹರಡಲು ಬಿಡುವುದಿಲ್ಲ. ಡಗ್ಲಸ್‌ಗೆ ಅದು ತಪ್ಪೋ ಸರಿಯೋ ಎಂಬ ಪ್ರಶ್ನೆಯೇ ಬೇಕಿರಲಿಲ್ಲ. ಮೊದಲ ಹೆಂಡತಿಯ ಕಡೆಯಿಂದ ಬಂದ ಮಿಸಿಸಿಪ್ಪಿಯ ತೋಟದಲ್ಲಿ ನೂರಕ್ಕೂ ಹೆಚ್ಚು ಗುಲಾಮರು ದುಡಿಯುತ್ತಿದ್ದರು, ಅದರ ಆದಾಯದಲ್ಲಿ ಅವನಿಗೆ ಪಾಲಿತ್ತು ಎಂಬುದನ್ನೂ ಇಲ್ಲೇ ಹೇಳಬೇಕು.

ಇಲಿನಾಯ್‌ನಲ್ಲಿ ಒಂಬತ್ತು ಕಾಂಗ್ರೆಸ್ ಕ್ಷೇತ್ರಗಳಿದ್ದವು. ಷಿಕಾಗೊ ಮತ್ತು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಬ್ಬರೂ ಆಗಲೇ ಮಾತಾಡಿದ್ದರು. ಉಳಿದ ಏಳರಲ್ಲಿ ಒಂದೊಂದು ಊರು ಎಂದು ಗೊತ್ತಾಯಿತು. ಮೊದಲು ಒಬ್ಬನಿಗೆ ಒಂದು ತಾಸು, ಇನ್ನೊಬ್ಬನಿಗೆ ಒಂದೂವರೆ ತಾಸು, ಮತ್ತೆ ಮೊದಲಿನವನಿಗೆ ಅರ್ಧ ತಾಸು. ಮೈಕ್ ಇಲ್ಲ, ನೆರಳಿಲ್ಲ, ಮೂರು ತಾಸು ಜನ ನಿಂತೇ ಕೇಳುತ್ತಿದ್ದರು. ಶೀಘ್ರಲಿಪಿಕಾರರು ಬರೆದುಕೊಂಡದ್ದು ರೈಲಿನಲ್ಲಿ ಷಿಕಾಗೊಗೆ ಹೋಗಿ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಹಾಗಾಗಿ ಒಂದು ಊರಿನಲ್ಲಿ ಆಡಿದ ಮಾತು ಇನ್ನೊಂದು ಊರಿಗೆ ಮುಂಚೆಯೇ ತಲುಪುತ್ತಿತ್ತು. ಇದು ಹೊಸದು.

ರಾಜ್ಯ ಉದ್ದಕ್ಕೆ ಚಾಚಿಕೊಂಡಿದೆ. ಉತ್ತರದ ಫ್ರೀಪೋರ್ಟ್, ಗೇಲ್ಸ್‌ಬರ್ಗ್ ಕಡೆ ನ್ಯೂ ಇಂಗ್ಲೆಂಡ್‌ನಿಂದ ಬಂದವರು, ಗುಲಾಮಗಿರಿಯ ಕಡುವಿರೋಧಿಗಳು. ತೆಂಕಣ ತುದಿಯ ಜೋನ್ಸ್‌ಬರೊ ಕಡೆ ದಕ್ಷಿಣದ ಮನಸ್ಸಿನವರು. ಚಾರ್ಲ್ಸ್‌ಟನ್ ಇದ್ದದ್ದು ನಡುವೆ. ಅತ್ತಲೂ ವಾಲಬಹುದು, ಇತ್ತಲೂ ವಾಲಬಹುದು. ಚುನಾವಣೆ ನಿಂತದ್ದು ಈ ನಡುನಾಡಿನ ಮೇಲೆಯೇ.

ಮೈದಾನದಲ್ಲಿ

ಚಾರ್ಲ್ಸ್‌ಟನ್ ಲಿಂಕನ್‌ಗೆ ನೆಂಟರ ಊರು. ಅವನ ಅಪ್ಪ ಥಾಮಸ್ ಕೊನೆಯ ವರ್ಷಗಳನ್ನು ಇದೇ ಕೌಂಟಿಯಲ್ಲಿ ಕಳೆದು 1851ರಲ್ಲಿ ತೀರಿಕೊಂಡಿದ್ದ. ಅವನನ್ನು ಸಾಕಿದ ಮಲತಾಯಿ ಸಾರಾ ಇನ್ನೂ ಅಲ್ಲೇ ಇದ್ದಳು. ಹಾಗಾಗಿ ಊರಿನವರು ಮೆರವಣಿಗೆ ಜೋರಾಗಿಯೇ ಮಾಡಿದರು. ಲಿಂಕನ್ ಹುಡುಗನಾಗಿದ್ದಾಗ ಎತ್ತಿನ ಗಾಡಿ ಹೊಡೆಯುತ್ತಿದ್ದ ಚಿತ್ರವಿದ್ದ ದೊಡ್ಡ ಬ್ಯಾನರ್ ಬೀದಿಗೆ ಅಡ್ಡಲಾಗಿ ಕಟ್ಟಿದ್ದರು. ರಾಜ್ಯಕ್ಕೊಬ್ಬಳಂತೆ ಬಿಳಿ ಬಟ್ಟೆ ತೊಟ್ಟ ಹುಡುಗಿಯರು ಗಾಡಿಯಲ್ಲಿ ಬಂದರು, ಕ್ಯಾನ್ಸಸ್ ಹೆಸರಿನವಳು ಮಾತ್ರ ಬೇರೆ ಕುದುರೆಯ ಮೇಲೆ. ಡೆಮಾಕ್ರಟರೂ ಒಂದು ಬ್ಯಾನರ್ ತಂದರು. ಅದರಲ್ಲಿ ಒಬ್ಬ ಬಿಳಿಯ, ಒಬ್ಬ ಕಪ್ಪು ಹೆಂಗಸು, ಒಂದು ಮಗು. ಕೆಳಗೆ ಕಪ್ಪು ಜನರ ಸಮಾನತೆ ಎಂದು ಬರೆದಿತ್ತು. ಲಿಂಕನ್‌ಗೆ ಓಟು ಹಾಕಿದರೆ ಇದೇ ಗತಿ ಎಂದು ಹೆದರಿಸುವ ಚಿತ್ರ. ರಿಪಬ್ಲಿಕನ್ನರು ಸಿಟ್ಟಿಗೆದ್ದು ಅದನ್ನು ಕೆಳಗಿಳಿಸಿದರು.

ಅವರು ಯಾಕೆ ಸಿಟ್ಟಿಗೆದ್ದರು ಎಂದು ಯೋಚಿಸಿ. ಆ ಚಿತ್ರ ಕಪ್ಪು ಜನರಿಗೆ ಮಾಡಿದ ಅವಮಾನ ಎಂದಲ್ಲ. ನಮ್ಮ ಮೇಲೆ ಸುಳ್ಳು ಅಪವಾದ ಹೊರಿಸಿದರಲ್ಲ ಎಂದು. ಲಿಂಕನ್ ಮಾತು ಶುರುವಾದದ್ದು ಆ ಗಾಳಿಯಲ್ಲಿ. ಹೋಟೆಲಿನಲ್ಲಿ ಒಬ್ಬ ಹಿರಿಯರು ನೀವು ನಿಜವಾಗಿ ಪೂರ್ತಿ ಸಮಾನತೆ ಬೇಕು ಅಂತೀರಾ ಎಂದು ಕೇಳಿದರು ಎಂದು ಹೇಳಿ, ಮೇಲೆ ಹೇಳಿದ ಮಾತುಗಳನ್ನಾಡಿದ. ಕಪ್ಪು ಹೆಂಗಸು ಗುಲಾಮಳಾಗಿರುವುದು ಬೇಡ ಎಂದ ಮಾತ್ರಕ್ಕೆ ಅವಳನ್ನು ಹೆಂಡತಿ ಮಾಡಿಕೊಳ್ಳಬೇಕೆಂದಿಲ್ಲ, ಸುಮ್ಮನೆ ಅವಳ ಪಾಡಿಗೆ ಬಿಡಬಹುದು ಎಂದಾಗ ಜನ ನಕ್ಕರು.

ಈ ವಾಕ್ಯ ಓದುವಾಗೆಲ್ಲ ನನಗೆ ಜೇನ್ ನೆನಪಾಗುತ್ತಾಳೆ. ಅದೇ ಊರಿನ ಜೈಲಿನಲ್ಲಿ ಮಕ್ಕಳನ್ನು ಅವುಚಿಕೊಂಡು ಕೂತಿದ್ದ ಹೆಂಗಸು. ಆ ಮೈದಾನದಲ್ಲಿದ್ದ ಎಷ್ಟೋ ಜನಕ್ಕೆ ಆ ಕೇಸು ಗೊತ್ತಿತ್ತು. ಅವಳ ಪಾಡಿಗೆ ಬಿಡಬಹುದು ಎಂದವನೇ ಅವಳನ್ನು ಅವಳ ಪಾಡಿಗೆ ಬಿಡಕೂಡದು ಎಂದು ಒಮ್ಮೆ ವಾದಿಸಿದ್ದ.

ಅದಾದ ಮೇಲೆ ಅವನ ತಾಸಿನ ಹೆಚ್ಚು ಭಾಗ ಕ್ಯಾನ್ಸಸ್ ಸಂವಿಧಾನದ ವಿಷಯದಲ್ಲಿ ಡಗ್ಲಸ್ ಒಳಸಂಚು ಮಾಡಿದ್ದ ಎಂಬ ಆರೋಪಕ್ಕೆ ಹೋಯಿತು. ಅದು ಈಗ ಯಾರಿಗೂ ಬೇಕಿಲ್ಲದ ವಿವರ. ಡಗ್ಲಸ್ ತನ್ನ ಸರದಿಯಲ್ಲಿ ಒಂದು ಮಾತು ಹೇಳಿದ, ಅದು ಚೆನ್ನಾಗಿ ನಾಟಿತು. ಈ ರಿಪಬ್ಲಿಕನ್ನರ ತತ್ವ ಉತ್ತರದಲ್ಲಿ ಕಡುಕಪ್ಪು, ನಡುನಾಡಿನಲ್ಲಿ ಮಿಶ್ರಬಣ್ಣ, ದಕ್ಷಿಣದಲ್ಲಿ ಹೆಚ್ಚುಕಮ್ಮಿ ಬಿಳಿ ಎಂದ. ಹೇಳಿದವನ ಉದ್ದೇಶ ಕೆಟ್ಟದ್ದೇ ಆಗಿತ್ತು. ಆದರೆ ಅವನು ತೋರಿಸಿದ ಬಿರುಕು ಸುಳ್ಳಾಗಿರಲಿಲ್ಲ. ಅದೇ ಜುಲೈನಲ್ಲಿ ಷಿಕಾಗೊದಲ್ಲಿ ಲಿಂಕನ್, ಈ ಜನಾಂಗ ಕೀಳು ಆ ಜನಾಂಗ ಕೀಳು ಎಂಬ ತಕರಾರೆಲ್ಲ ಬಿಟ್ಟುಬಿಡೋಣ ಎಂದಿದ್ದ. ಮುಂದೆ ಗೇಲ್ಸ್‌ಬರ್ಗ್‌ನಲ್ಲಿ ಡಗ್ಲಸ್ ಎರಡೂ ಮಾತನ್ನು ಪಕ್ಕಪಕ್ಕದಲ್ಲಿ ಓದಿ ತೋರಿಸಿದ. ನನ್ನ ಮಾತೆಲ್ಲ ಅಚ್ಚಾಗುತ್ತದೆ, ಎಲ್ಲರೂ ಓದುತ್ತಾರೆ ಎಂದು ನನಗೆ ಗೊತ್ತಿಲ್ಲವೇ, ಅವುಗಳಲ್ಲಿ ವಿರೋಧವಿಲ್ಲ ಎಂಬುದು ಲಿಂಕನ್ ಉತ್ತರ. ತನ್ನ ದುಡಿಮೆಯ ಅನ್ನ ತಾನು ತಿನ್ನುವ ಹಕ್ಕು ಎಲ್ಲ ಮನುಷ್ಯರಿಗೂ ಒಂದೇ, ಓಟಿನ ಹಕ್ಕು ಬೇರೆ ಎಂದು ಅವನು ಗೆರೆ ಎಳೆದ. ಆ ಗೆರೆಯ ಮೇಲೇ ಅವನು ಆ ವರ್ಷವೆಲ್ಲ ನಡೆದ.

ಚಾರ್ಲ್ಸ್‌ಟನ್ ಸಭೆಯ ಕೊನೆಗೆ ಒಂದು ದೃಶ್ಯ ಇದೆ. ಮೆಕ್ಸಿಕೊ ಯುದ್ಧದ ಸಮಯದಲ್ಲಿ ಸೈನಿಕರಿಗೆ ಸಾಮಗ್ರಿ ಕಳಿಸುವುದನ್ನು ಲಿಂಕನ್ ವಿರೋಧಿಸಿದ್ದ ಎಂದು ಡೆಮಾಕ್ರಟರು ಹಬ್ಬಿಸಿದ್ದರು. ಲಿಂಕನ್ ತನ್ನ ಕೊನೆಯ ಅರ್ಧ ತಾಸಿನಲ್ಲಿ, ವೇದಿಕೆಯ ಮೇಲೆ ಡಗ್ಲಸ್ ಕಡೆಯವರ ಜೊತೆ ಕೂತಿದ್ದ ಒಬ್ಬನನ್ನು ಕೈ ಹಿಡಿದು ಮುಂದೆ ಎಳೆತಂದ. ಇವರೂ ಆಗ ಕಾಂಗ್ರೆಸ್‌ನಲ್ಲಿದ್ದರು, ಅದು ಸುಳ್ಳು ಎಂದು ಇವರಿಗೆ ಗೊತ್ತು ಎಂದ. ಆ ಮನುಷ್ಯ ಮುಜುಗರ ಪಡುತ್ತಲೇ ತನಗೆ ಗೊತ್ತಿದ್ದಷ್ಟು ಹೇಳಿದ. ಯುದ್ಧವನ್ನು ಅಧ್ಯಕ್ಷರು ಅನಾವಶ್ಯಕವಾಗಿ ಶುರು ಮಾಡಿದರು ಎಂಬ ನಿರ್ಣಯಕ್ಕೆ ಲಿಂಕನ್ ಓಟು ಹಾಕಿದ್ದು ಮಾತ್ರ ನನಗೆ ಗೊತ್ತು ಎಂದ. ಅವನೇ ಆರ್ಲ್ಯಾಂಡೊ ಫಿಕ್ಲಿನ್. ಹನ್ನೊಂದು ವರ್ಷ ಹಿಂದೆ ಜೇನ್ ಬ್ರಯಂಟ್ ಪರ ವಾದಿಸಿ ಲಿಂಕನ್ನನನ್ನು ಸೋಲಿಸಿದ ವಕೀಲ.

ಕೋರ್ಟಿನಲ್ಲಿ ಬಿಡುಗಡೆಯ ಪರ ನಿಂತವನು ವೇದಿಕೆಯಲ್ಲಿ ಡಗ್ಲಸ್ ಪಕ್ಷದವನು. ಕೋರ್ಟಿನಲ್ಲಿ ಒಡೆಯನ ಪರ ನಿಂತವನು ವೇದಿಕೆಯಲ್ಲಿ ಗುಲಾಮಗಿರಿ ತಪ್ಪು ಎನ್ನುತ್ತಿದ್ದವನು. ಮ್ಯಾಟ್ಸನ್‌ನ ಇನ್ನೊಬ್ಬ ವಕೀಲ ಲಿಂಡರ್? 1858ರಲ್ಲಿ ಡಗ್ಲಸ್ ತಂತಿ ಕಳಿಸಿ ಸಹಾಯಕ್ಕೆ ಕರೆದದ್ದು ಅವನನ್ನೇ.

ಆಮೇಲೆ ಆದದ್ದು

ಆಗ ಸೆನೆಟರನ್ನು ಆರಿಸುತ್ತಿದ್ದದ್ದು ರಾಜ್ಯದ ಶಾಸನಸಭೆ. ಒಟ್ಟು ಓಟಿನಲ್ಲಿ ರಿಪಬ್ಲಿಕನ್ನರು ಸ್ವಲ್ಪ ಮುಂದಿದ್ದರೂ, ಕ್ಷೇತ್ರಗಳ ಹಂಚಿಕೆ ಹಳೇ ಜನಸಂಖ್ಯೆಯ ಲೆಕ್ಕದ್ದು. 1859ರ ಜನವರಿಯಲ್ಲಿ ಡಗ್ಲಸ್ 54ಕ್ಕೆ 46ರಂತೆ ಗೆದ್ದ. ಲಿಂಕನ್ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಂಡಿದ್ದ. ಅವು 1860ರಲ್ಲಿ ಪುಸ್ತಕವಾದವು, ಅದೇ ವರ್ಷ ಅವನು ಅಧ್ಯಕ್ಷನಾದ.

ಆ ಚರ್ಚೆಗಳಲ್ಲಿ ಯಾರ ಬಗ್ಗೆ ಮಾತಾಡಿದರೋ ಅವರಿಗೆ ವೇದಿ‌ಕೆಯಲ್ಲಿ ಜಾಗವಿರಲಿಲ್ಲ. ಅವರಿಗೆ ಓಟಿರಲಿಲ್ಲ. 1853ರ ಕಾಯ್ದೆಯ ಪ್ರಕಾರ ಹೊರಗಿನ ಕಪ್ಪು ಜನ ಇಲಿನಾಯ್‌ಗೆ ಬಂದು ನೆಲೆಸುವುದೇ ಅಪರಾಧ. ಬಿಳಿಯರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗೂ ಇರಲಿಲ್ಲ. ಷಿಕಾಗೊದಲ್ಲಿದ್ದ ಎಚ್. ಫೋರ್ಡ್ ಡಗ್ಲಸ್ ಎಂಬ ಕಪ್ಪು ಹೋರಾಟಗಾರ, ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು, ಈ ಸಾಕ್ಷಿ ಕಾನೂನು ರದ್ದಾಗಲಿ ಎಂಬ ಮನವಿ ಹಿಡಿದು ಸಹಿ ಕೇಳುತ್ತಾ ಓಡಾಡಿದ. ಲಿಂಕನ್ ಬಳಿಯೂ ಹೋದೆ, ಅವನಿಗೆ ಸಹಿ ಹಾಕುವ ಧೈರ್ಯ ಬರಲಿಲ್ಲ ಎಂದು 1860ರ ಜುಲೈ 4ರಂದು ಮ್ಯಾಸಚೂಸೆಟ್ಸ್‌ನ ಸಭೆಯಲ್ಲಿ ಬಹಿರಂಗವಾಗಿ ಹೇಳಿದ. ಚಾರ್ಲ್ಸ್‌ಟನ್ ಭಾಷಣ ಓಟಿಗಾಗಿ ಆಡಿದ ಬರೀ ಮಾತು ಎನ್ನುವವರಿಗೆ ನಾನು ಇದನ್ನು ತೋರಿಸುತ್ತೇನೆ. ಆ ಮಾತಿನಿಂದ ನಿಜವಾದ ಜನಕ್ಕೆ ನಿಜವಾದ ನಷ್ಟ ಆಗುತ್ತಿತ್ತು.

ಅವನ ನಿಜರೂಪ ಅದಷ್ಟೇ ಎನ್ನುವವರಿಗೆ ತೋರಿಸಬೇಕಾದ ದಿನ ಇನ್ನೊಂದು. 1865ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಕನ್ ಶ್ವೇತಭವನದ ಕಿಟಕಿಯಿಂದ ಮಾತಾಡುತ್ತಾ, ತುಂಬಾ ಬುದ್ಧಿವಂತರಾದ ಕಪ್ಪು ಜನರಿಗೂ, ಸೈನಿಕರಾಗಿ ಹೋರಾಡಿದವರಿಗೂ ಓಟು ಸಿಗಲಿ ಎಂದ. ಕೆಳಗೆ ನಿಂತು ಕೇಳುತ್ತಿದ್ದ ಜಾನ್ ವಿಲ್ಕ್ಸ್ ಬೂತ್, ಇದು ಅವನ ಕೊನೆಯ ಭಾಷಣ ಎಂದ. ಮೂರು ದಿನಕ್ಕೆ ಗುಂಡು ಹಾರಿಸಿದ. ಚಾರ್ಲ್ಸ್‌ಟನ್‌ನಲ್ಲಿ ಬೇಡ ಎಂದಿದ್ದ ಓಟಿನ ಹಕ್ಕನ್ನು, ಅರೆಬರೆಯಾಗಿ ಆದರೂ, ಬೇಕು ಎಂದದ್ದಕ್ಕೆ ಅವನು ಜೀವ ಕೊಟ್ಟ.

ಊರಿನ ಜಗಳವೂ ಮುಗಿಯಲಿಲ್ಲ. ಅಂತರ್ಯುದ್ಧದ ನಡುವೆ, 1864ರ ಮಾರ್ಚ್ 28ರಂದು, ಚಾರ್ಲ್ಸ್‌ಟನ್ ಕೋರ್ಟಿನ ಚೌಕದಲ್ಲಿ ರಜೆಯ ಮೇಲಿದ್ದ ಸೈನಿಕರಿಗೂ ಯುದ್ಧವಿರೋಧಿ ಡೆಮಾಕ್ರಟರಿಗೂ ಗುಂಡಿನ ಕಾಳಗ ನಡೆದು ಒಂಬತ್ತು ಜನ ಸತ್ತರು. ಅವತ್ತು ಒಳಗೆ ನ್ಯಾಯಪೀಠದಲ್ಲಿ ಕೂತಿದ್ದವನು ಚಾರ್ಲ್ಸ್ ಕಾನ್‌ಸ್ಟೆಬಲ್, ಜೇನ್‌ಳ ಇನ್ನೊಬ್ಬ ವಕೀಲ. ಹಿಂದಿನ ವರ್ಷವಷ್ಟೇ, ಸೈನ್ಯ ಬಿಟ್ಟು ಓಡಿದವರನ್ನು ಬಿಡುಗಡೆ ಮಾಡಿದ ಎಂದು ಅವನನ್ನು ಬಂಧಿಸಿದ್ದರು.

ಚರ್ಚೆ ನಡೆದ ಮೈದಾನದಲ್ಲಿ ಇವತ್ತು ಮ್ಯೂಸಿಯಂ ಇದೆ, ಇಬ್ಬರ ಪ್ರತಿಮೆಗಳಿವೆ. 1994ರಲ್ಲಿ ಸಿ-ಸ್ಪ್ಯಾನ್ ಟಿವಿ ಏಳೂ ಊರುಗಳಲ್ಲಿ ಚರ್ಚೆಗಳ ಮರುಪ್ರದರ್ಶನ ತೋರಿಸಿತು. ಊರಿನ ಈಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲಿಂಕನ್ ಹಾಲ್, ಡಗ್ಲಸ್ ಹಾಲ್ ಎಂಬ ಹಾಸ್ಟೆಲ್‌ಗಳಿದ್ದವು. ಡಗ್ಲಸ್ ಹೆಸರು ಬೇಡ ಎಂದು ವರ್ಷಗಟ್ಟಲೆ ವಾದ ನಡೆದು, ಈಚೆಗೆ ಅದು ಪೊವೆಲ್-ನಾರ್ಟನ್ ಹಾಲ್ ಆಯಿತು. ಇತಿಹಾಸದ ಮೇಲೆ ಊರಲ್ಲಿ ಇಷ್ಟು ಮಾತು ನಡೆಯುವುದು ಒಳ್ಳೆಯದೇ. ಆದರೆ ಲಿಂಕನ್ ಹೆಸರು ಉಳಿಯಬೇಕೋ, ಡಗ್ಲಸ್ ಹೆಸರು ಹೋಗಬೇಕೋ ಎಂಬಷ್ಟಕ್ಕೇ ಚರ್ಚೆ ನಿಂತರೆ 1858ರ ವೇದಿಕೆಯೇ ಮುಂದುವರಿದಂತೆ: ಇಬ್ಬರು ಬಿಳಿಯರು, ಮಧ್ಯೆ ಒಂದು ಪ್ರಶ್ನೆ. ಆ ಮೈದಾನದಲ್ಲಿ ಉಪನ್ಯಾಸ ಕೊಡುವ ಯಾರೇ ಆಗಲಿ, ಭಾಷಣದ ಮೊದಲು 1847ರ ತೀರ್ಪನ್ನು ಜೋರಾಗಿ ಓದಲಿ, ಐದು ಹೆಸರನ್ನೂ ಹೇಳಲಿ ಎಂಬುದು ನನ್ನ ಆಸೆ. ಆಗ ಓಟು, ಜ್ಯೂರಿ, ಅಧಿಕಾರ ಎಂದು ಲಿಂಕನ್ ಪಟ್ಟಿ ಮಾಡಿದ್ದು ಯಾರಿಂದ ಏನನ್ನು ಕಿತ್ತುಕೊಂಡ ಪಟ್ಟಿ ಎಂದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ.

ಕಪ್ಪು ಜನ ಇಲಿನಾಯ್‌ನಲ್ಲಿ ನೆಲೆಸುವುದಕ್ಕೂ ಸಾಕ್ಷಿ ಹೇಳುವುದಕ್ಕೂ ಅಡ್ಡವಿದ್ದ ಆ ಕಾನೂನುಗಳನ್ನು ಕಿತ್ತೆಸೆಯಲು ಕೊನೆಗೂ ಮುಂದೆ ನಿಂತವನು ಜಾನ್ ಜೋನ್ಸ್, ಷಿಕಾಗೊದ ಕಪ್ಪು ದರ್ಜಿ. ಬಟ್ಟೆ ಹೊಲಿದು ಗಳಿಸಿದ ತನ್ನ ದುಡ್ಡಿನಲ್ಲೇ ಕರಪತ್ರ ಅಚ್ಚು ಹಾಕಿಸಿದ, ಸಹಿ ಸಂಗ್ರಹಿಸಿದ, ಶಾಸಕರ ಬಾಗಿಲು ತಟ್ಟಿದ. 1865ರ ಫೆಬ್ರುವರಿಯಲ್ಲಿ ಇಲಿನಾಯ್ ಶಾಸನಸಭೆ ಅವನ್ನು ರದ್ದು ಮಾಡಿತು. ಬಿಳಿಯನ ವಿರುದ್ಧ ಕಪ್ಪು ಹೆಂಗಸೊಬ್ಬಳು ಚಾರ್ಲ್ಸ್‌ಟನ್ ಕೋರ್ಟಿನಲ್ಲಿ ತನ್ನ ಬಾಯಿಂದಲೇ ಸಾಕ್ಷಿ ಹೇಳಬಹುದು ಎಂದಾದದ್ದು ಆಗ, ಜೇನ್ ಬ್ರಯಂಟ್ ಆ ಜೈಲಿನಿಂದ ಹೊರಬಂದ ಹದಿನೇಳು ವರ್ಷಗಳ ಮೇಲೆ.